ಪರವಾಗಿಲ್ಲ ಅಂದರೆ ನಾಲ್ಕು

"ಪರವಾಗಿಲ್ಲ ಅಂದ್ರೆ ನಾಲ್ಕು ಕಣಮ್ಮ, 'ತೃಪ್ತಿ ಇದೆ' ಅಂತ. ಇದಕ್ಕೂ ಇಷ್ಟು ತಲೆ ಕೆಡಿಸ್ಕೋತೀಯಲ್ಲ!" ಮೇಲ್ವಿಚಾರಕರು ಅವಳ ಮೇಜಿನ ಮೇಲೆ ಹಾಳೆಗಳ ಇನ್ನೊಂದು ಕಟ್ಟು ಇಟ್ಟರು.

"ಸರ್, ಕಾಲು ತುಳಿದ್ರೂ ಜನ ಪರವಾಗಿಲ್ಲ ಅಂತಾರೆ. ಒಂಬತ್ತು ಹಾಕ್ಲಾ, ಸ್ಪಷ್ಟವಿಲ್ಲ ಅಂತ?"

"ಒಂಬತ್ತು ಹಾಕಿದ್ರೆ ಮತ್ತೆ ಹೋಗಿ ಒಬ್ಬೊಬ್ಬರನ್ನೇ ಕೇಳ್ಬೇಕು. ನೀನು ಹೋಗ್ತೀಯಾ? ಸಂಜೆಯೊಳಗೆ ವರದಿ ಕೊಡ್ಬೇಕು."

ಸಮೀಕ್ಷೆಗೆ ಹೊಲಿಗೆ ಕಾರ್ಖಾನೆಯ ಇನ್ನೂರು ಹೆಂಗಸರು ಬರೆದುಕೊಟ್ಟ ಉತ್ತರಗಳು. ಏಳನೆಯ ಪ್ರಶ್ನೆ: ಕೆಲಸದ ಜಾಗ ಸುರಕ್ಷಿತವೆನಿಸುತ್ತದೆಯೇ? ಉತ್ತರವನ್ನು ಅಂಕಿಯಾಗಿಸುವುದಷ್ಟೇ ಅವಳ ಕೆಲಸ. ಆದರೆ ಅಲ್ಲಿನ ಹಿಂಬಾಗಿಲಿಗೆ ಹಗಲೆಲ್ಲ ಬೀಗ ಬಿದ್ದಿರುತ್ತದೆಂದು ಅವಳಿಗೆ ಗೊತ್ತಿತ್ತು. ಅಕ್ಕ ಅಲ್ಲೇ ಕಾಲರು ಹೊಲಿಯುತ್ತಾಳೆ. ವರದಿಯಲ್ಲಿ ತೃಪ್ತಿ ಎಂದು ಬಂದರೆ ಆ ಬೀಗದ ಗೋಜಿಗೆ ಯಾರೂ ಹೋಗುವುದಿಲ್ಲ.

ಕಟ್ಟಿನ ಮೂರನೆಯ ಹಾಳೆಯಲ್ಲಿ ಅಕ್ಕನ ಅಕ್ಷರ ಕಂಡಿತು. 'ಬಾಗಿ' ಎಂದು ಬರೆದು, ಕಾಗದ ಹರಿಯುವಷ್ಟು ಗೀಚಿ ಹಾಕಿದ್ದಳು. ಪಕ್ಕದಲ್ಲಿ ದುಂಡಗೆ: ಪರವಾಗಿಲ್ಲ. ಹೊಡೆದುಹಾಕಿದ್ದನ್ನು ಉತ್ತರವೆಂದು ಎಣಿಸುವಂತಿಲ್ಲ, ಅದು ಕಚೇರಿಯ ನಿಯಮ.

ಊಟದ ಬಿಡುವಿನಲ್ಲಿ ಮೆಟ್ಟಿಲ ಬಳಿ ನಿಂತು ಫೋನ್ ಮಾಡಿದಳು.

"ಅಕ್ಕಾ, ಪರವಾಗಿಲ್ಲ ಅಂತ ಯಾಕೆ ಬರ್ದೆ?"

"ಮತ್ತೇನು, ಕಾದಂಬರಿ ಬರೀಲಾ? ಮೇಸ್ತ್ರಿ ಹಿಂದೇನೇ ನಿಂತು ಬಗ್ಗಿ ಬಗ್ಗಿ ನೋಡ್ತಿದ್ದ."

"ಒಂಬತ್ತು ಹಾಕಿದ್ರೆ ಮತ್ತೆ ಕೇಳೋಕೆ ಬರ್ತಾರೆ ಕಣೇ. ಆಗ ಹೇಳ್ಬಹುದು."

"ನಿನ್ನ ದಮ್ಮಯ್ಯ, ಬೇಡ! ಹಾಳೆ ಮೂಲೇಲಿ ನನ್ನ ಟೋಕನ್ ನಂಬರಿದೆ. ಇವಳನ್ನೇ ಯಾಕೆ ಮತ್ತೆ ಕೇಳ್ತಾರೆ ಅಂತ ಅವನಿಗೆ ಹೊಳೆಯಲ್ವಾ?"

"ಹಾಗಾದ್ರೆ ಬೀಗ?"

"ಮುಂಬಾಗಿಲ ಹತ್ರ ಮಿಷನ್ ಕೊಡಿ ಅಂತ ಕೇಳಿದೀನಿ. ಕೊಟ್ರೂ ಕೊಡಬಹುದು. ಇಡ್ತೀನಿ, ಬೆಲ್ ಆಯ್ತು."

ಅವಳು ಮೇಜಿಗೆ ಮರಳಿದಳು. ತಾನು ಓದಿದ್ದೇ ಸಂಜೆ ಕಾಲೇಜಿನಲ್ಲಿ, ತನಗಿಂತ ತಿಳಿದವರು ನಾಲ್ಕು ಅಂದಿದ್ದಾರೆ ಎಂದು ಸಮಾಧಾನ ಹೇಳಿಕೊಂಡಳು, ಸಮಾಧಾನವಾಗಲಿಲ್ಲ. ಅಕ್ಕನ ಹಾಳೆಗೆ ನಾಲ್ಕು ಬರೆದು ಮಗುಚಿ ಹಾಕಿದಳು. ಅಕ್ಕನದೊಂದು ಬಿಟ್ಟು ಉಳಿದ 'ಪರವಾಗಿಲ್ಲ'ಗಳಿಗೆಲ್ಲ ಒಂಬತ್ತು ಹಾಕಿದರೆ? ಮೇಲ್ವಿಚಾರಕರು ಬೈದರೆ ಬೈಯಲಿ. ಯಾರೋ ಒಬ್ಬಳಾದರೂ ಬಾಯಿಬಿಟ್ಟು ಹೇಳಿಯಾಳು.

ಮುಂದಿನ ಹಾಳೆಯಲ್ಲೂ ಪರವಾಗಿಲ್ಲ. ಪೆನ್ನು ಊರಿದಳು. ಆಗ ಮೂಲೆಯ ಟೋಕನ್ ನಂಬರು ಕಣ್ಣಿಗೆ ಬಿತ್ತು. ಅಕ್ಕನದಕ್ಕಿಂತ ಒಂದೇ ಒಂದು ಹೆಚ್ಚು. ಪಕ್ಕದ ಮಿಷನ್ನಿನವಳಿರಬೇಕು, ಮೇಸ್ತ್ರಿ ಇವಳ ಹಿಂದೆಯೂ ನಿಂತು ಬಗ್ಗಿ ನೋಡಿರಬೇಕು.

"ಎಷ್ಟಾಯ್ತಮ್ಮ?" ಮೇಲ್ವಿಚಾರಕರು ಒಳಗಿನಿಂದ ಕೂಗಿದರು.

ಊರಿದ ಪೆನ್ನು ಊರಿದಲ್ಲೇ ಇತ್ತು. ಅದರ ತುದಿಯ ಸುತ್ತ ಶಾಯಿ ಮೆಲ್ಲಗೆ ಹರಡತೊಡಗಿತು.