ಎಂಟು ಶಾಫ್ಟುಗಳು

ತಂಗಿ ಸತ್ತ ಹತ್ತನೇ ದಿನ ಅವಳು ಕೆಲಸಕ್ಕೆ ಹೊರಟಳು. ಮನೆಯಲ್ಲಿ ಕೂತು ಮಾಡುವುದೇನೂ ಇರಲಿಲ್ಲ. ಬಂದವರಿಗೆಲ್ಲ ಹೇಳಿ ಹೇಳಿ ನಡೆದದ್ದು ಬಾಯಿಪಾಠವಾಗಿಬಿಟ್ಟಿತ್ತು: ಬಸ್ ಸ್ಟಾಪಿನಲ್ಲಿ ನಿಂತಿದ್ದಳು, ತಲೆನೋವು ಅಂದಳು, ಕುಸಿದಳು, ಮಿದುಳಿನ ನರ ಒಡೆದಿತ್ತಂತೆ. ಹೇಳುವಾಗ ಅವಳ ಕಣ್ಣು ಒದ್ದೆಯಾಗುತ್ತಿರಲಿಲ್ಲ. ಕೇಳಿದವರೇ ಅತ್ತು, ಮೂಗೊರೆಸಿಕೊಂಡು ಹೋಗುತ್ತಿದ್ದರು.

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಟರ್ನರಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಲೇತಿನಲ್ಲಿ ಉಕ್ಕು ಕಡೆದ ಕೈ. ತಂಗಿಯದು ಅದೇ ಶೆಡ್ಡಿನ ತುದಿಯ ಗಾಜಿನ ಕೋಣೆ. ಅಕ್ಕ ಕಡೆದದ್ದನ್ನು ತಂಗಿ ಅಳೆಯಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೆಂಪು ಚೀಟಿ. "ಮನೇಲಿ ನೀನು ಅಕ್ಕ. ಇಲ್ಲಿ ಬರೀ ಮಿಷನ್ ನಂಬರ್ ನಾಲ್ಕು" ಎನ್ನುತ್ತಿದ್ದಳು. ಆಮೇಲೆ ಇಬ್ಬರೂ ಮುಖ ಊದಿಸಿಕೊಂಡೇ ಒಂದೇ ಡಬ್ಬಿಯಲ್ಲಿ ಉಣ್ಣುವುದನ್ನು ನೋಡಿ ಇಡೀ ಶೆಡ್ಡು ನಗುತ್ತಿತ್ತು.

ಫೋರ್‌ಮನ್ ಗೇಟಿನ ಹತ್ತಿರವೇ ಸಿಕ್ಕರು. "ಇನ್ನೊಂದು ವಾರ ರಜೆ ತಗೋಬಹುದಿತ್ತಲ್ಲಮ್ಮಾ."

"ಪರವಾಗಿಲ್ಲ ಸಾರ್. ಏನು ಜಾಬ್ ಇದೆ?"

ಪಂಪಿನೊಳಗೆ ತಿರುಗುವ ಉಕ್ಕಿನ ಶಾಫ್ಟುಗಳಿದ್ದವು. ಅವಳು ಪ್ಲಾಸ್ಟಿಕ್ ಡಬ್ಬಿ ತೆರೆದು ಹೊಸ ಇನ್ಸರ್ಟ್ ಒಂದನ್ನು ತೆಗೆದಳು. ಲೇತಿನ ಉಳಿಯ ತುದಿಗೆ ಕೂರಿಸುವ, ಹೆಬ್ಬೆರಳ ಉಗುರಿನಷ್ಟು, ವಜ್ರದ ಆಕಾರದ ಕಾರ್ಬೈಡ್ ತುಂಡು. ಮೈಮೇಲೆ ಚಿನ್ನದ ಬಣ್ಣದ ಲೇಪನ. ಕೂದಲಿಗಿಂತ ಎಷ್ಟೋ ತೆಳುವಾದ ಆ ಲೇಪನವೇ ಕಡೆಯುವಾಗಿನ ಕಾವನ್ನು ತಡೆಯುವುದು. ಒಂದು ಇನ್ಸರ್ಟಿಗೆ ಕಡೆಯುವ ಮೂಲೆಗಳು ನಾಲ್ಕು. ಒಂದು ಸವೆದರೆ ತಿರುಗಿಸಿ ಇನ್ನೊಂದನ್ನು ಒಡ್ಡಬೇಕು. ಈ ಶಾಫ್ಟಿಗಾದರೆ ಒಂದು ಮೂಲೆ ಹದಿನೈದರ ತನಕ ಬಾಳುತ್ತದೆ. ಅವಳು ಎಣಿಸಿದವಳೇ ಅಲ್ಲ. ಮೂಲೆ ಸವೆದರೆ ಲೇತಿನ ದನಿ ಒಡೆಯುತ್ತದೆ. ಆ ತುದಿಯಲ್ಲಿ ನೀರು ಕುಡಿಯುತ್ತಿದ್ದರೂ ಅವಳಿಗೆ ತಿಳಿಯುತ್ತಿತ್ತು.

ಅವತ್ತು ತಿಳಿಯಲಿಲ್ಲ. ಶಾಫ್ಟ್ ಕೂರಿಸಿದಳು, ಮಿಷನ್ನಿನ ಬಾಗಿಲು ಎಳೆದಳು, ಗುಂಡಿ ಒತ್ತಿದಳು. ಚೂರು ಚೂರಾಗಿ ಉದುರಬೇಕಾದ ಉಕ್ಕು ಸುರುಳಿ ಸುರುಳಿಯಾಗಿ ಬಂದು ಶಾಫ್ಟಿಗೆ ಸುತ್ತಿಕೊಳ್ಳತೊಡಗಿತು. ಕೊಕ್ಕೆಯಿಂದ ಎಳೆದು ಹಾಕಿ ಮತ್ತೆ ಗುಂಡಿ ಒತ್ತಿದಳು. ಊಟದ ಗಂಟೆ ಹೊಡೆಯುವಷ್ಟರಲ್ಲಿ ಇಪ್ಪತ್ಮೂರು ಶಾಫ್ಟುಗಳು ಗಾಜಿನ ಕೋಣೆ ಸೇರಿದ್ದವು. ಡಬ್ಬಿ ತೆರೆದರೆ ಇಬ್ಬರ ಊಟವಿತ್ತು. ಬೆಳಗ್ಗೆ ತುಂಬಿದವಳು ಅವಳೇ. ಅರ್ಧ ಉಂಡು ಮುಚ್ಚಿಟ್ಟಳು.

ಮಧ್ಯಾಹ್ನ ಮಿಷನ್ ಒರೆಸುವಾಗ ಇನ್ಸರ್ಟ್ ಕಣ್ಣಿಗೆ ಬಿತ್ತು. ಮೂಲೆಯ ಚಿನ್ನದ ಬಣ್ಣ ಪೂರ್ತಿ ಹೋಗಿ ಒಳಗಿನ ಬೂದು ಕಾಣುತ್ತಿತ್ತು. ಎಷ್ಟೋ ಹೊತ್ತಿನ ಹಿಂದೆಯೇ ಸವೆದದ್ದು. ಕೈ ಒರೆಸಿಕೊಂಡು ಗಾಜಿನ ಕೋಣೆಗೆ ಹೋದಳು.

ತಂಗಿಯ ಜಾಗಕ್ಕೆ ಬೇರೆ ಶೆಡ್ಡಿನಿಂದ ಒಬ್ಬ ಹಿರಿಯರನ್ನು ಹಾಕಿದ್ದರು. ದಪ್ಪ ಗಾಜಿನ ಕನ್ನಡಕ, ಮೆತ್ತನೆ ಮಾತು. ಮೇಜಿನ ಮೇಲಿದ್ದ ಇಪ್ಪತ್ಮೂರಕ್ಕೂ ಹಸಿರು ಚೀಟಿ ಅಂಟಿತ್ತು. ಅವಳು ಮೈಕ್ರೋಮೀಟರ್ ಎತ್ತಿಕೊಂಡು ಹಿಂದಿನಿಂದ ಅಳೆಯುತ್ತ ಬಂದಳು. ಕೊನೆಯ ಎಂಟೂ ದಪ್ಪವಾಗಿದ್ದವು.

"ಅಣ್ಣಾ, ಇವನ್ನ ಅಳೆದ್ರಾ?"

"ಅಳೆದೆ."

"ಎಷ್ಟು ಬಂತು?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. "ಬಿಡಮ್ಮಾ, ಇವತ್ತೊಂದಿನ. ಮಾಲು ಹೊರಗೆ ಹೋಗೋ ಮುಂಚೆ ನಾನೇ ಯಾರ ಕೈಲಾದ್ರೂ ಸರಿ ಮಾಡಿಸ್ತಿದ್ದೆ. ಬಂದ ದಿನಾನೇ ನಿನಗೆ ಕೆಂಪು ಚೀಟಿ ಅಂಟಿಸೋಕೆ ಕೈ ಏಳಲಿಲ್ಲ."

ಕೆಂಪು ಚೀಟಿಗಳ ಕಟ್ಟು ಯಾವ ಡ್ರಾಯರಿನಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ತೆಗೆದರೆ ಮೇಲಿನ ಚೀಟಿಯಲ್ಲಿ ತಂಗಿಯ ದುಂಡನೆ ಅಕ್ಷರದಲ್ಲಿ ತಾರೀಕು ಬರೆದಿತ್ತು, ಅಷ್ಟೇ. ಅದನ್ನು ಬದಿಗಿಟ್ಟು ಕೆಳಗಿನ ಎಂಟು ಹರಿದುಕೊಂಡಳು. ಮಿಷನ್ ನಂಬರ್ ನಾಲ್ಕು. ಇನ್ಸರ್ಟ್ ಸವೆದಿದೆ, ಆಪರೇಟರ್ ಗಮನಿಸಿಲ್ಲ. ಎಂಟು ಸಲ ಬರೆದು ಅವರ ಮುಂದಿಟ್ಟಳು.

"ಸಹಿ ಹಾಕಿ."

"ಇದೇನಮ್ಮಾ ಹಠ?"

"ಹಠ ಅಲ್ಲ. ಇಷ್ಟು ದಪ್ಪ ಇದ್ರೆ ಬೇರಿಂಗ್ ಕೂರಲ್ಲ ಅಣ್ಣಾ."

ಅವರು ಅವಳ ಮುಖ ನೋಡಿ, ಕನ್ನಡಕ ಹಾಕಿಕೊಂಡು ಒಂದೊಂದಕ್ಕೂ ಸಹಿ ಹಾಕಿದರು.

ದಪ್ಪ ಬಂದ ಶಾಫ್ಟನ್ನು ಮತ್ತೆ ಕಡೆಯಬಹುದು. ಆದರೆ ತೆಗೆಯಬೇಕಾದದ್ದು ಕಾಗದದಷ್ಟೂ ಇರಲಿಲ್ಲ. ಚಿನ್ನದ ಬಣ್ಣದ ಇನ್ಸರ್ಟಿನ ಅಂಚು ಲೇಪನದಿಂದಾಗಿ ತುಸು ಗುಂಡಗೆ; ಅಷ್ಟು ಕಮ್ಮಿ ಕೊಟ್ಟರೆ ಅದು ಕಡೆಯದೆ ಬರೀ ಉಜ್ಜುತ್ತದೆ. ಅವಳು ತೆಳು ಕಪ್ಪು ಲೇಪನದ, ಹರಿತವಾದ ಇನ್ನೊಂದು ಬಗೆಯದನ್ನು ಹಾಕಿ, ಪ್ರತಿಸಲವೂ ಅಳೆದು, ನಿಧಾನಕ್ಕೆ ಕಡೆದಳು. ಏಳು ಉಳಿದವು. ಎಂಟನೆಯದರ ಮೈ ಆಳವಾಗಿ ಗೀರಿಹೋಗಿತ್ತು. ಅದು ಗುಜರಿ ತೊಟ್ಟಿಗೆ ಹೋಯಿತು. ಫೋರ್‌ಮನ್ ಬಂದು ಚೀಟಿಗಳನ್ನು ಒಂದೊಂದಾಗಿ ಓದಿ ಹೋದರು.

ಮನೆಗೆ ಬಂದಾಗ ಅಮ್ಮ ತೊಳೆದ ಬಟ್ಟೆ ಮಡಚುತ್ತಿದ್ದಳು. ತಂಗಿಯ ಬಟ್ಟೆಯೂ ಅದರಲ್ಲಿತ್ತು.

"ಹೇಗಿತ್ತು?"

"ಎಂಟು ರಿಜೆಕ್ಟ್ ಆಯ್ತು."

"ಎಂಟಾ!" ಅಮ್ಮನಿಗೆ ನಗು ಬಂದುಬಿಟ್ಟಿತು. "ಅವಳಿದ್ದಿದ್ರೆ ಇವತ್ತು ಮನೆ ತಲೆ ಮೇಲೆ ಹೊತ್ಕೊಳ್ತಿದ್ಲು." ನಗುತ್ತ ನಗುತ್ತಲೇ ಅಮ್ಮ ಬಟ್ಟೆಯಲ್ಲಿ ಮುಖ ಒತ್ತಿಕೊಂಡಳು. ಅವಳು ಪಕ್ಕದಲ್ಲಿ ಕೂತು ಅಮ್ಮನ ಬೆನ್ನ ಮೇಲೆ ಕೈಯಿಟ್ಟಳು. ತನಗೂ ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ.

ಅಮ್ಮ ಕಣ್ಣೊರೆಸಿಕೊಂಡು ಆ ಕೈ ಹಿಡಿದಾಗ ಮಣಿಕಟ್ಟಿನ ಮೇಲೆ ಬೆರಳುದ್ದದ ಬೊಬ್ಬೆ ಕಂಡಿತು. ಕಾದ ಸುರುಳಿ ತಗುಲಿ ಸುಟ್ಟದ್ದು.

"ಅಯ್ಯೋ, ಯಾವಾಗಾಯ್ತೇ ಇದು?"

"ಗೊತ್ತಿಲ್ಲಮ್ಮಾ."

ಅಮ್ಮ ಎದ್ದು ಮುಲಾಮು ತಂದಳು. ಕೈಯನ್ನು ಮಡಿಲಲ್ಲಿಟ್ಟುಕೊಂಡು, ಊದುತ್ತ ಹಚ್ಚಿದಳು.

"ಉರೀತಿದ್ಯಾ?"

"ಇಲ್ಲ."

ಅಮ್ಮ ಇನ್ನೊಮ್ಮೆ ಊದಿದಳು.

"ಸ್ವಲ್ಪ" ಎಂದಳು ಅವಳು.