ಒಳಸಾಲಿನ ಅಂಬಲಿ

ಗಂಡಸು ಒಬ್ಬಳಿಗೆ ಮನಸ್ಸು ಕೊಟ್ಟರೆ ಹುಚ್ಚು ಹಿಡಿದಿದೆ ಎಂದು ಜನ ಆಡಿಕೊಳ್ಳುವುದು ಇದ್ದದ್ದೇ. ಆದರೆ ಹೊಳಲ್ಕೆರೆಯ ಹತ್ತಿ ವ್ಯಾಪಾರಿ ಮುರುಗಪ್ಪ ಆಡಿಕೊಂಡು ಸುಮ್ಮನಾಗುವ ಆಸಾಮಿಯಲ್ಲ. ಸ್ವಂತ ತಮ್ಮ ಪರಮೇಶ್ವರಪ್ಪನ ಕೈಕಾಲು ಕಟ್ಟಿಸಿ, ಗಾಡಿಗೆ ಹಾಕಿಸಿ, ಹುಚ್ಚರ ಆಸ್ಪತ್ರೆಗೆ ಕಳಿಸಿಯೇ ಬಿಟ್ಟ. ತಮ್ಮ ಮಾಡಿದ್ದು ಇಷ್ಟೇ: ಬುದ್ಧಿ ಬಲಿಯುವ ಮೊದಲೇ ಗಂಡನನ್ನು ಕಳೆದುಕೊಂಡಿದ್ದ ಮಹಾದೇವಮ್ಮನಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುತ್ತೇನೆ ಅಂದ. ಮದುವೆಯಾಗದ ಗಂಡು ವಿಧವೆಯನ್ನು ಕೂಡಿಕೆ ಮಾಡಿಕೊಳ್ಳಬೇಕಾದರೆ ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಬೇಕು ಎಂದು ಹಿರಿಯರೊಬ್ಬರು ಹೇಳಿದರು. ಅವನು ಕಟ್ಟಿದ. ಮುರುಗಪ್ಪನಿಗೆ ಅಷ್ಟೇ ಬೇಕಿತ್ತು. 'ಗಿಡಕ್ಕೆ ತಾಳಿ ಕಟ್ಟಿದಾನೆ ಸ್ವಾಮಿ, ಇದಕ್ಕಿಂತ ಹುಚ್ಚು ಬೇಕೇನ್ರಿ?' ಎಂದು ಡಾಕ್ಟರ ಮುಂದೆ ಗೊಳೋ ಎಂದು ಅತ್ತನಂತೆ. ಅವನ ಬಾಯಿಗೆ ಮಣ್ಣು ಹಾಕ!

ಮಹಾದೇವಮ್ಮ ಮಾತ್ರ ಅಳಲಿಲ್ಲ. ಗಾಡಿ ಹೊಡೆದವನನ್ನು ಕಾಡಿ ಬೇಡಿ ಜಾಗ ಯಾವುದೆಂದು ತಿಳಿದುಕೊಂಡಳು. ಹೊಸದುರ್ಗದಿಂದ ಹಿರಿಯೂರಿಗೆ ಹೋಗುವ ದಾರಿಯಲ್ಲಿ, ಮಾರಿಕಣಿವೆ ಕಟ್ಟೆಯ ಕೆಲಸ ಮುಗಿದ ಮೇಲೆ ಕಂತ್ರಾಟುದಾರರು ಬಿಟ್ಟುಹೋದ ಒಂದು ಹಾಳು ಬಂಗಲೆ. ಅದನ್ನು ಹಿಡಿದು ನಾಗರಾಜಪ್ಪ ಎಂಬ ಡಾಕ್ಟರು ಆಸ್ಪತ್ರೆ ಮಾಡಿದ್ದರು. ಅಲ್ಲಿ ಅಡಿಗೆಯವರು ನಿಲ್ಲುತ್ತಿರಲಿಲ್ಲ. ಅರಚಾಟ ಕೇಳಲಾರದೆ ಓಡಿಹೋಗುತ್ತಿದ್ದರು. ಹಾಗಾಗಿ ಇವಳು ಹೋಗಿ ನಿಂತಾಗ ಮೇಲ್ವಿಚಾರಣೆಯ ಬೋರಕ್ಕ ಕುಲಗೋತ್ರ ವಿಚಾರಿಸದೆ ಒಲೆಯ ಮುಂದೆ ಕೂರಿಸಿದಳು.

'ನೋಡವ್ವ, ಎರಡು ಪಾತ್ರೆ,' ಎಂದಳು ಬೋರಕ್ಕ. 'ದೊಡ್ಡದು ಹೊರಸಾಲಿನ ಕೋಣೆಗಳೋರ್ದು. ಅವು ಹುಟ್ಟು ಹುಚ್ಚು, ಏನು ಹಾಕಿದ್ರೂ ತಿಂತಾವೆ. ಈ ಚಿಕ್ಕ ಪಾತ್ರೆ ಒಳಸಾಲಿಂದು, ಮನೆಯೋರೇ ದುಡ್ಡು ಕಟ್ಟಿ ಬಿಟ್ಟುಹೋದೋರ್ದು. ಇದರ ಅಂಬಲಿಗೆ ಡಾಕ್ಟ್ರು ಕೊಡೋ ಪುಡಿ ಒಂದು ಚಮಚ ಹಾಕ್ಬೇಕು. ಬುದ್ಧಿಗೆ ಶಕ್ತಿ ಬರೋ ಔಷಧಿ. ಮರೆತೀಯ ಅಂದ್ರೆ ನನ್ನ ಚರ್ಮ ಸುಲೀತಾರೆ.'

ಮಹಾದೇವಮ್ಮ ಮರೆಯಲಿಲ್ಲ. ಬೆಲ್ಲದ ವಾಸನೆಯ ಆ ಕಂದು ಪುಡಿಯನ್ನು ದಿನವೂ ಚೊಕ್ಕಟವಾಗಿ ಕಲೆಸಿದಳು. ಔಷಧಿ ಎಂದರೆ ಔಷಧಿ. ಮದರಾಸಿನಲ್ಲಿ ಓದಿ ಬಂದ ಡಾಕ್ಟರು ಕೊಟ್ಟದ್ದನ್ನು ಅನುಮಾನಿಸಲು ಅವಳಿಗೆ ಕಾರಣವಾದರೂ ಏನಿತ್ತು? ಒಳಸಾಲಿಗೆ ಬಂದವರು ಮೊದಮೊದಲು ನೆಟ್ಟಗೆ ಮಾತಾಡಿ, ಆಮೇಲೆ ಗೋಡೆಯ ಜೊತೆ ಜಗಳವಾಡಲು ತೊಡಗುವುದನ್ನು ಅವಳು ಕಂಡಳು. ರೋಗ ಒಳಗಿದ್ದದ್ದು ಹೊರಗೆ ಬೀಳುತ್ತಿದೆ ಎಂದುಕೊಂಡಳು. ಅವಳ ಜೀವವೆಲ್ಲ ಒಳಸಾಲಿನ ಕೊನೆಯ ಕೋಣೆಯ ಮೇಲಿತ್ತು.

ಆ ಕೋಣೆಯ ಕಿಟಕಿ ಬಾವಿಯ ಕಡೆಗೆ ಬಾಯಿ ತೆರೆದಿತ್ತು. ನೀರಿಗೆ ಹೋದ ಮೊದಲ ಮಧ್ಯಾಹ್ನವೇ ಅವಳು ಕೊಡ ಇಳಿಸಿ, ಸರಳು ಹಿಡಿದು ಒಳಗೆ ಇಣುಕಿದಳು. ಪರಮೇಶ್ವರಪ್ಪ ಗೋಡೆಗೆ ಒರಗಿ ಕೂತಿದ್ದ. ಕೆನ್ನೆ ಒಳಗೆ ಸೇರಿಹೋಗಿತ್ತು. ಕಣ್ಣು ಮಾತ್ರ ಅದೇ ಕಣ್ಣು.

'ಮಾದೇವಿ! ನೀನ್ಯಾಕೆ ಬಂದೆ ಈ ನರಕಕ್ಕೆ?'

'ಸೀರೆ ತರ್ತೀನಿ ಅಂತ ಹೋದೋರು ತಿರುಗಿ ಬರ್ಲಿಲ್ವಲ್ಲ. ಎಲ್ಲಿ ಸೀರೆ ಅಂತ ಕೇಳಾಕೆ ಬಂದೆ.'

ಅವನು ನಕ್ಕ. ನಗುವುದಕ್ಕೂ ತ್ರಾಣವಿಲ್ಲದೆ ಕೆಮ್ಮಿದ. ಆಗಲೇ ಅವಳಿಗೆ ತಿಳಿದದ್ದು, ಅವನು ಬಂದ ದಿನದಿಂದ ಅನ್ನದ ಅಗುಳು ಮುಟ್ಟಿಲ್ಲ ಎಂದು. ರೋಗಿಗಳು ಉರುಲು ಹಾಕಿಕೊಂಡಾರು ಎಂದು ಇಲ್ಲಿ ಕೊರಳಲ್ಲಿದ್ದದ್ದನ್ನೆಲ್ಲ ಬಿಚ್ಚಿಸಿ ಡಾಕ್ಟರ ಕೋಣೆಯಲ್ಲಿಡುತ್ತಿದ್ದರು. ಪರಮೇಶ್ವರಪ್ಪನ ಇಷ್ಟಲಿಂಗವನ್ನೂ ಬಿಚ್ಚಿಸಿದ್ದರು. ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅವನು ಬುದ್ಧಿ ಬಂದಾಗಿನಿಂದ ಒಂದು ತುತ್ತು ಬಾಯಿಗಿಟ್ಟವನಲ್ಲ.

'ನೀರು ಕುಡೀತೀನಿ. ಅದೂ ಶಿವನ ಕ್ಷಮೆ ಕೇಳ್ಕಂಡು. ಊಟ ಆಗಾಕಿಲ್ಲ ಮಾದೇವಿ. ಬಾಯಿಗೆ ತುರುಕಿದ್ರು, ವಾಂತಿ ಮಾಡ್ದೆ. ಈಗ ಡಾಕ್ಟ್ರು ತಟ್ಟೆ ಇಡ್ಸಿ ಸುಮ್ನೆ ಹೋಗ್ತಾನೆ. ನಾ ಸತ್ರೂ ಅವನಿಗೆ ನಷ್ಟ ಇಲ್ಲ, ಅಣ್ಣನ ದುಡ್ಡು ಆಗ್ಲೇ ಕೈ ಸೇರೈತೆ.'

'ಶಿವ ಉಪವಾಸ ಸಾಯಿ ಅಂದಾನಾ?'

'ಅಂದಿಲ್ಲ. ಆದ್ರೆ ನಾ ಏನು ಮಾಡ್ಲಿ ಹೇಳು, ಗಂಟಲಲ್ಲಿ ಇಳೀವಲ್ದು.'

ಹಟಮಾರಿ! ಬಯ್ಯೋಣ ಎಂದರೆ ಬಾಯಿ ಬರಲಿಲ್ಲ. ಈ ಹಟವನ್ನೇ ಅಲ್ಲವೇ ಅವಳು ಮೆಚ್ಚಿದ್ದು? ಇಡೀ ಊರು ಬೇಡ ಎಂದಾಗ ಬೇಕು ಎಂದವನು. ಸರಳಿನ ಸಂದಿಯಲ್ಲಿ ಕೈ ತೂರಿಸಿ ಅವನ ಬೆರಳು ಮುಟ್ಟಿದಳು. ತಣ್ಣಗಿದ್ದವು.

ಅವನಿಗೂ ಒಂದು ಆಸೆ ಇತ್ತು. ವರ್ಷಕ್ಕೊಮ್ಮೆ ಸರ್ಕಾರದ ದೊಡ್ಡ ಡಾಕ್ಟರು ಬಂದು ಒಬ್ಬೊಬ್ಬ ರೋಗಿಯನ್ನೂ ಕರೆದು ಮಾತಾಡಿಸುತ್ತಾರೆ. ನೆಟ್ಟಗೆ ಉತ್ತರ ಕೊಟ್ಟವರನ್ನು ಬಿಡಿಸಬೇಕೆಂದು ಕಾನೂನು ಇದೆ. ಈ ಸಲ ಅವರು ಬರುವುದು ಮುಂದಿನ ಸೋಮವಾರ ಎಂದು ಬೋರಕ್ಕನೇ ಗೊಣಗುತ್ತ ಅಂಗಳ ಸಾರಿಸುತ್ತಿದ್ದಳು. 'ಅಲ್ಲಿ ಮಟ ಉಸಿರು ಹಿಡ್ಕಂಡ್ರೆ ಸಾಕು,' ಎಂದ ಪರಮೇಶ್ವರಪ್ಪ. ಆದರೆ ಶುಕ್ರವಾರ ಅವಳು ನೀರಿಗೆ ಹೋದಾಗ ಅವನು ಕಿಟಕಿಯ ತನಕ ಏಳಲಾರದೆ ಮೊಣಕಾಲ ಮೇಲೆ ಬಿದ್ದ. ಸೋಮವಾರ ಉತ್ತರ ಕೊಡಲು ಮೊದಲು ಸೋಮವಾರದ ತನಕ ಬದುಕಬೇಕಲ್ಲ! ಹೇಗಾದರೂ ಅವನ ಲಿಂಗ ತಂದುಕೊಡಬೇಕೆಂದು ಮಹಾದೇವಮ್ಮ ಅಲ್ಲೇ ನಿಶ್ಚಯ ಮಾಡಿದಳು.

ಶನಿವಾರ ನಾಗರಾಜಪ್ಪ ಹಿರಿಯೂರಿಗೆ ಹೋದರು. ಬೋರಕ್ಕ ಉಂಡು ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಮಹಾದೇವಮ್ಮ ಪೊರಕೆ ಹಿಡಿದುಕೊಂಡು ಡಾಕ್ಟರ ಕೋಣೆಗೆ ಹೋದಳು. ಮೇಜಿನ ಕೆಳಗೆ ಮರದ ಪೆಟ್ಟಿಗೆ. ಮುಚ್ಚಳ ತೆಗೆದಳು. ತಾಳಿಗಳು, ತಾಯತಗಳು, ಜನಿವಾರಗಳು, ಇವೆಲ್ಲದರ ನಡುವೆ ಲಿಂಗಗಳು. ಬೆಳ್ಳಿಯ ಕರಡಿಗೆಯಲ್ಲಿದ್ದವು, ಬಟ್ಟೆಯಲ್ಲಿ ಸುತ್ತಿದ್ದವು. ಒಳಸಾಲಿನಲ್ಲಿ ಬದುಕಿದ್ದ ಲಿಂಗವಂತರು ಮೂರೋ ನಾಲ್ಕೋ ಜನ. ಪೆಟ್ಟಿಗೆಯಲ್ಲಿ ಲಿಂಗಗಳು ರಾಶಿ ಇದ್ದವು. ಲಿಂಗವಂತ ಸತ್ತರೆ ಅವನ ಲಿಂಗವನ್ನು ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ಇವರನ್ನೆಲ್ಲ ಹೇಗೆ, ಎಲ್ಲಿ, ಯಾರು ಮಣ್ಣು ಮಾಡಿದರು? ಬಂಗಲೆಯ ಹಿಂದಿನ ಹುಲ್ಲು ಬೆಳೆದ ದಿಬ್ಬಗಳು ಅವಳ ಕಣ್ಣಿಗೆ ಕಟ್ಟಿದವು.

ಇನ್ನೊಬ್ಬರ ಲಿಂಗ ಮುಟ್ಟಬಾರದು. 'ತಪ್ಪಾಯ್ತು ಶಿವಾ, ತಪ್ಪಾಯ್ತು' ಎನ್ನುತ್ತಲೇ ಒಂದೊಂದನ್ನೂ ಸರಿಸಿದಳು. ತಾನೇ ಹೊಸೆದು ಕೊಟ್ಟಿದ್ದ ಕೆಂಪು ದಾರ ಕಣ್ಣಿಗೆ ಬಿತ್ತು. ಹೊರಗೆ ಬೋರಕ್ಕ ಮಗ್ಗುಲು ಬದಲಿಸಿದಳು. ಮಹಾದೇವಮ್ಮ ಉಸಿರು ಬಿಗಿಹಿಡಿದು, ಗೊರಕೆ ಮತ್ತೆ ಶುರುವಾದ ಮೇಲೆ, ಅದನ್ನು ಮಡಿಲಿಗೆ ಹಾಕಿಕೊಂಡು ಹೊರಬಿದ್ದಳು.

ಕಿಟಕಿಯಲ್ಲಿ ಲಿಂಗ ಕೈಗೆ ಬಂದಾಗ ಪರಮೇಶ್ವರಪ್ಪ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅವಳು ತಂದ ನೀರಿನಲ್ಲಿ ಮುಖ ತೊಳೆದು, ಒಲೆಯ ಬೂದಿಯನ್ನೇ ವಿಭೂತಿ ಎಂದು ಹಚ್ಚಿಕೊಂಡು, ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಕೂತ. ಪೂಜೆ ಮುಗಿದ ಮೇಲೆ ತಾನಾಗಿಯೇ ಕೇಳಿದ.

'ಏನೈತೆ ಉಣ್ಣಾಕೆ?'

ಆ ಮಾತು ಕೇಳಿ ಅವಳ ಹೊಟ್ಟೆ ತಂಪಾಯಿತು. ಒಳಸಾಲಿನ ಪಾತ್ರೆಯಿಂದ ಅಂಬಲಿ ಬಗ್ಗಿಸಿದಳು. ನೆಟ್ಟಗೆ ನಿಂತು ಉತ್ತರ ಕೊಡಬೇಕಾದ ಜೀವ, ಬುದ್ಧಿಗೂ ಶಕ್ತಿ ಬರಲಿ ಎಂದು ಇನ್ನೊಂದು ಚಿಟಿಕೆ ಪುಡಿಯನ್ನು ತನ್ನ ಕೈಯಾರೆ ಉದುರಿಸಿ ಕಲೆಸಿದಳು. ಸರಳಿನ ಸಂದಿಯಿಂದ ಚಿಪ್ಪಿನಲ್ಲಿ ಕುಡಿಸಿದಳು. 'ನಿಧಾನ, ನಿಧಾನ, ಯಾರೂ ಕಿತ್ಕಳಾಕಿಲ್ಲ' ಎಂದಳು. ಭಾನುವಾರವೂ ಬೆಳಗ್ಗೆ ಬೈಗು ಕುಡಿಸಿದಳು. ಅವನಿಗೆ ಬಾಯಿ ಒಣಗುತ್ತಿತ್ತು, ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಉಪವಾಸ ಬಿಟ್ಟ ಮೈ, ಹಾಗೇ ಇರುತ್ತದೆ ಎಂದು ಸಮಾಧಾನ ಹೇಳಿದಳು.

'ಸೋಮವಾರ ಹೊರಗೆ ಬಂದ ಮೇಲೆ ಮೊದ್ಲು ಎಲ್ಲಿಗೆ ಹೋಗಾಣ?' ಎಂದು ಕೇಳಿದ ಅವನು.

'ಹೊಳಲ್ಕೆರೆ ಬಿಟ್ಟು ಎಲ್ಲಿಗಾದ್ರೂ,' ಎಂದಳು.

ಸೋಮವಾರ ಬೆಳಗ್ಗೆ ದೊಡ್ಡ ಡಾಕ್ಟರು ಕುದುರೆ ಗಾಡಿಯಲ್ಲಿ ಬಂದಿಳಿದರು. ವಯಸ್ಸಾದವರು, ಜರಿ ಪೇಟ, ಮೆಲುಮಾತು. ಜಗುಲಿಯಲ್ಲಿ ಬೆಂಚು ಹಾಕಿಸಿ, ಒಬ್ಬೊಬ್ಬರನ್ನೇ ಕರೆಸಿದರು. ಮಹಾದೇವಮ್ಮ ಕಾಫಿ ತಂದಿಟ್ಟು ಕಂಬದ ಮರೆಯಲ್ಲಿ ನಿಂತಳು.  ಈಗ ಪರಮೇಶ್ವರಪ್ಪ ಬರುತ್ತಾನೆ, ಹೆಸರು ಹೇಳುತ್ತಾನೆ, ಊರು ಹೇಳುತ್ತಾನೆ, ಮುಗಿಯಿತು.

ಇಬ್ಬರು ಆಳುಗಳು ಅವನನ್ನು ಎತ್ತಿಕೊಂಡು ಬಂದರು. ಅವನು ಗಾಳಿಯಲ್ಲಿ ಯಾವುದೋ ನೂಲನ್ನು ಹಿಡಿದು ಎಳೆಯುತ್ತಿದ್ದ. ಕಣ್ಣಿನ ಪಾಪೆ ಕಣ್ಣು ತುಂಬ ಹರಡಿತ್ತು.

'ನಿನ್ನ ಹೆಸರೇನಪ್ಪ?' ಎಂದರು ದೊಡ್ಡ ಡಾಕ್ಟರು.

ಪರಮೇಶ್ವರಪ್ಪ ಹಲ್ಲು ಕಿಸಿದ. ಕೊರಳಿಗೆ ಕೈಹಾಕಿ, ಕೆಂಪು ದಾರ ಕಿತ್ತು, ಲಿಂಗವನ್ನು ಅಂಗೈಯಲ್ಲಿಟ್ಟು ಅವರ ಮುಂದೆ ಚಾಚಿದ. 'ಅಡಿಕೆ ತಗಳ್ರಿ ಗೌಡ್ರೇ. ಒಳ್ಳೇ ಅಡಿಕೆ.'

ಅಯ್ಯೋ ದೇವರೇ! ಯಾವುದಕ್ಕಾಗಿ ಅನ್ನ ಬಿಟ್ಟಿದ್ದನೋ ಅದನ್ನು ಅಡಿಕೆ ಎಂದ. ಮಹಾದೇವಮ್ಮ ಕಂಬ ಬಿಟ್ಟು ಓಡಿಬಂದು ಅವನ ಮುಖ ಹಿಡಿದಳು. 'ನಾನ್ರೀ, ಮಾದೇವಿ. ನೋಡ್ರಿ ಇಲ್ಲಿ.' ಅವನು ಅವಳ ಮೂಗಿನ ಮೇಲೆ ಕೂತ ಯಾವುದೋ ಕಾಣದ ನೊಣ ಓಡಿಸಿದ. ಲಿಂಗ ನೆಲಕ್ಕೆ ಬಿತ್ತು.

'ನಿನ್ನೆ ಮೊನ್ನೆಯಿಂದ ಜೋರಾಗಿದೆ,' ಎಂದರು ನಾಗರಾಜಪ್ಪ, ಲೇಖನಿಯನ್ನು ದೊಡ್ಡ ಡಾಕ್ಟರ ಕಡೆ ಸರಿಸುತ್ತ. 'ಗಿಡಕ್ಕೆ ತಾಳಿ ಕಟ್ಟಿದ ಕೇಸು ಸಾರ್ ಇದು. ಬಿಡುವ ಹಾಗಿಲ್ಲ.'

ಮೊನ್ನೆಯಿಂದ. ಆ ಮಾತು ಅವಳ ಕಿವಿಯಲ್ಲಿ ನಿಂತಿತು. ಮೊನ್ನೆಯ ತನಕ ಒಳಸಾಲಿನಲ್ಲಿ ಇವನೊಬ್ಬನೇ ನೆಟ್ಟಗಿದ್ದ. ಒಳಸಾಲಿನಲ್ಲಿ ಇವನೊಬ್ಬನೇ ಉಣ್ಣದೆ ಇದ್ದ. ಮೊನ್ನೆ ಉಂಡ. ಯಾರ ಕೈಯಿಂದ ಉಂಡ? ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. ಕಡಿದು ಒಲೆಗೆ ಹಾಕಬೇಕು ಅನಿಸಿತು. ಅಳುತ್ತ ಕೂತರೆ ದೊಡ್ಡ ಡಾಕ್ಟರು ರುಜು ಹಾಕಿ ಗಾಡಿ ಹತ್ತುತ್ತಾರೆ, ಮುಂದಿನ ವರ್ಷಕ್ಕೆ ಹಿಂದಿನ ದಿಬ್ಬಗಳ ಜೊತೆ ಇನ್ನೊಂದು ದಿಬ್ಬ ಏಳುತ್ತದೆ.

'ಸ್ವಾಮೀ, ರುಜು ಹಾಕ್ಬ್ಯಾಡ್ರಿ,' ಎಂದಳು. 'ಇವರಿಗೆ ಹುಚ್ಚಿಲ್ಲ. ನಾನೇ ಹುಚ್ಚು ಹಿಡಿಸ್ದೆ. ಅಂಬಲಿಗೆ ಈ ಡಾಕ್ಟ್ರು ಕೊಟ್ಟ ಪುಡಿ ಹಾಕಿ ನಾನೇ ಕುಡಿಸ್ದೆ.'

'ಅಡಿಗೆಯವಳು ಸಾರ್. ಇವಳಿಗೂ ಸ್ವಲ್ಪ...' ನಾಗರಾಜಪ್ಪ ತಲೆಯ ಹತ್ತಿರ ಬೆರಳು ತಿರುಗಿಸಿದರು. 'ಅದು ನರಗಳಿಗೆ ಕೊಡುವ ಟಾನಿಕ್ಕು.'

'ಹಂಗಾದ್ರೆ ನನ್ನೂ ಪರೀಕ್ಷೆ ಮಾಡ್ರಿ, ಸ್ವಾಮಿ. ಎಲ್ಲರನ್ನೂ ಕೇಳಿದ ಹಂಗೇ ಕೇಳ್ರಿ.'

ದೊಡ್ಡ ಡಾಕ್ಟರು ಲೇಖನಿಯನ್ನು ಬದಿಗೆ ಸರಿಸಿದರು. ಹೆಸರು ಕೇಳಿದರು, ಹೇಳಿದಳು. ವಾರ ಕೇಳಿದರು, ಹೇಳಿದಳು. ಮೈಸೂರಿನ ದೊರೆ ಯಾರು ಎಂದು ಕೇಳಿದರು. 'ಕೃಷ್ಣರಾಜ ಒಡೇರು,' ಎಂದಳು. ಅವರು ಮುಗುಳ್ನಕ್ಕರು. 'ನಿನ್ನ ತಲೆ ನೆಟ್ಟಗಿದೆಯಮ್ಮ.'

'ನೀವೇ ಅಂದ್ರಿ. ಮರೀಬ್ಯಾಡ್ರಿ,' ಎಂದವಳೇ ಅಡಿಗೆಮನೆಗೆ ಓಡಿದಳು. ಒಳಸಾಲಿನ ಪಾತ್ರೆ, ಪುಡಿಯ ಡಬ್ಬಿ ಎರಡನ್ನೂ ತಂದು ಬೆಂಚಿನ ಮುಂದೆ ಇಟ್ಟಳು. ಚಮಚದಿಂದ ಒಂದು ಸಲ, ಎರಡು ಸಲ, ಮೂರನೆಯ ಸಲ ಎಲ್ಲರ ಕಣ್ಣೆದುರಿಗೆ ಪುಡಿ ಹಾಕಿ ಕಲೆಸಿ, ಪಾತ್ರೆಯನ್ನು ಬಾಯಿಗೆ ಎತ್ತಿದಳು.

'ಏಯ್, ಬೇಡ!' ನಾಗರಾಜಪ್ಪ ಕುರ್ಚಿ ಉರುಳಿಸಿಕೊಂಡು ಎದ್ದರು. 'ಅಷ್ಟು ಕುಡಿದರೆ ಸತ್ತುಹೋಗ್ತೀಯ!'

 ಬೋರಕ್ಕ ಬಾಯಿಗೆ ಸೆರಗು ತುರುಕಿಕೊಂಡಳು. ಅಷ್ಟು ಹೊತ್ತಿಗೆ ಮಹಾದೇವಮ್ಮ ಕುಡಿದು ಮುಗಿಸಿ ಪಾತ್ರೆ ಕೆಳಗಿಟ್ಟಿದ್ದಳು.

'ಟಾನಿಕ್ಕು ಅಂದಿರಲ್ಲ?' ಎಂದರು ದೊಡ್ಡ ಡಾಕ್ಟರು ಮೆಲ್ಲಗೆ. ಪುಡಿಯನ್ನು ಅಂಗೈಗೆ ಸುರಿದುಕೊಂಡು ಉಜ್ಜಿದರು, ಮೂಸಿದರು, ಬೆಳಕಿಗೆ ಹಿಡಿದರು. ಅವರ ಮುಖ ಕಪ್ಪಿಟ್ಟಿತು. 'ಉಮ್ಮತ್ತಿ ಬೀಜ, ತಲೆ ಕೆಡಿಸುವ ವಿಷ,' ಎಂದರು. 'ಯಾರೂ ಇಲ್ಲಿಂದ ಕದಲಬಾರದು. ಉಪ್ಪುನೀರು ತನ್ನಿ ಬೇಗ, ಇವಳಿಗೆ ವಾಂತಿ ಮಾಡಿಸಬೇಕು.'

'ಈಗ್ಲೇ ಬ್ಯಾಡ್ರಿ, ಸ್ವಾಮಿ,' ಎಂದು ಮಹಾದೇವಮ್ಮ ಅವರ ಕೈ ತಳ್ಳಿದಳು. 'ನಾಳೆ ಯಾರಾದ್ರೂ ಸುಳ್ಳು ಅಂದಾರು. ಕುಂತ್ಕಳ್ರಿ. ನಂಗೆ ಹೆಂಗಾಗ್ತೈತೆ ಅಂತ ಕಣ್ಣಾರೆ ನೋಡಿ ಬರ್ಕಳ್ರಿ.'

ಅವರು ಕೇಳಲಿಲ್ಲ. ಇಬ್ಬರು ಹಿಡಿದು ಉಪ್ಪುನೀರು ಕುಡಿಸಿದರು. ಅವಳು ಹಲ್ಲು ಕಚ್ಚಿ ಅರ್ಧ ಚೆಲ್ಲಿದಳು. ಸ್ವಲ್ಪ ವಾಂತಿಯಾಯಿತು, ಉಳಿದದ್ದು ಉಳಿಯಿತು. ಅವಳು ತೆವಳಿ ಹೋಗಿ ಪರಮೇಶ್ವರಪ್ಪನ ಪಕ್ಕ ಕೂತು, ನೆಲದ ಮೇಲಿದ್ದ ಲಿಂಗವನ್ನು ಕಣ್ಣಿಗೊತ್ತಿಕೊಂಡು ಅವನ ಕೊರಳಿಗೆ ಕಟ್ಟಿದಳು. ಗಂಟು ಹಾಕುವಾಗ ದಾರ ಎರಡಾಗಿ ಕಂಡಿತು. ನಾಲಿಗೆ ಅಂಗುಳಿಗೆ ಅಂಟಿತು. ಬಂತು ಎಂದು ತಿಳಿದಾಗ ಅವಳಿಗೆ ಹೆದರಿಕೆಯಾಗಲಿಲ್ಲ, ಸಂತೋಷವಾಯಿತು. ಅವನಿಗೆ ಹೀಗೇ ಆಗಿದ್ದು, ಅವನದು ಹುಚ್ಚಲ್ಲ, ಈಗ ಎಲ್ಲರೂ ನೋಡುತ್ತಿದ್ದಾರೆ.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಡಾಕ್ಟರು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಮತ್ತೆ ಕೇಳಿದರು. 'ನಿನ್ನ ಹೆಸರೇನಮ್ಮ?'

ಅವಳು ಅವರನ್ನು ಸತ್ತುಹೋದ ತನ್ನ ತಂದೆ ಎಂದುಕೊಂಡಳು. 'ಅಪ್ಪಯ್ಯ, ಮದುವೆ ಬ್ಯಾಡಪ್ಪ, ನಾ ಇನ್ನೂ ಚಿಕ್ಕೋಳು,' ಎಂದು ಅವರ ಕಾಲು ಹಿಡಿದಳು.

ಮುದುಕರು ಕಣ್ಣೊರೆಸಿಕೊಂಡು ಎದ್ದರು. ನಾಗರಾಜಪ್ಪನನ್ನು ಅವನದೇ ಕೋಣೆಯಲ್ಲಿ ಕೂಡಿಹಾಕಿಸಿದರು, ಅಮಲ್ದಾರರಿಗೆ ಆಳು ಕಳಿಸಿದರು. 'ಇವನಿಗೆ ನಾಲ್ಕು ದಿನದಲ್ಲಿ ಇಳಿಯುತ್ತದೆ, ಮನೆಗೆ ಹೋಗುತ್ತಾನೆ. ಈ ಹೆಣ್ಣುಮಗಳು ರಾತ್ರಿ ಕಳೆದರೆ ನೋಡೋಣ,' ಎಂದರು. ಪರಮೇಶ್ವರಪ್ಪ ಕೇಳಿಸಿಕೊಂಡು ನಕ್ಕ. ಮಹಾದೇವಮ್ಮನಿಗೆ ಅದು ಯಾವ ಭಾಷೆ ಎಂದೂ ತಿಳಿಯಲಿಲ್ಲ. ಆಮೇಲೆ ದೊಡ್ಡ ಡಾಕ್ಟರು ಬೋರಕ್ಕನ ಸೊಂಟದಿಂದ ಬೀಗದ ಕೈಗಳನ್ನು ಕಸಿದುಕೊಂಡು ಒಳಸಾಲಿನ ಕಡೆ ನಡೆದರು. ಒಂದೊಂದಾಗಿ ಕದಗಳು ತೆರೆಯುವ ಸದ್ದು ಕೇಳಿಸತೊಡಗಿತು. ಆ ಸದ್ದಿಗೆ ಬೆದರಿ ಮಹಾದೇವಮ್ಮ ಎರಡೂ ಕಿವಿ ಮುಚ್ಚಿಕೊಂಡು, ಬೆಂಚಿನ ಕೆಳಗೆ ನುಸುಳಿ ಮುದುರಿಕೊಂಡಳು.