ಸೆಂಟ್ರಿಂಗ್ ಮೇಸ್ತ್ರಿಯ ಕಣ್ಣಿಗೆ ಕರಗುವ ಹಾಳೆ

ಛಾವಣಿಗೆ ಕಾಂಕ್ರೀಟ್ ಹಾಕುವ ದಿನ ಸೆಂಟ್ರಿಂಗ್ ಮೇಸ್ತ್ರಿ ಬೆಳಗ್ಗಿನಿಂದ ರೇಗುತ್ತಿದ್ದ. ಹಲಗೆಗೆ ಆಸರೆ ಕೊಟ್ಟ ಕಂಬ ಡೊಂಕು ಅಂತ ಮೂರು ಸಲ ಬಿಚ್ಚಿಸಿದ. ಕೊನೆಗೆ ಅವನ ಭಾಮೈದ ತೂಗುಗುಂಡು ಇಳಿಬಿಟ್ಟು ನೋಡಿದ.

"ಭಾವ, ಕಂಬ ನೆಟ್ಟಗಿದೆ. ಕೆಟ್ಟಿರೋದು ನಿಮ್ಮ ಕಣ್ಣು. ವಯಸ್ಸಾಯ್ತು, ಮನೇಲಿ ಕೂತ್ಕೊಳ್ಳಿ."

"ನೀನು ಹೇಳಿದ ತಕ್ಷಣ ಕೂರೋಕೆ ನಾನೇನು ನಿನ್ನ ಕೂಲಿಯವನಾ?"

ಹಾಗಂದರೂ ಮೇಸ್ತ್ರಿ ಕಣ್ಣಾಸ್ಪತ್ರೆಗೆ ಹೋದ. ಕಣ್ಣೊಳಗೆ ಹಿಂಬದಿಯಲ್ಲಿರುವ ರೆಟಿನಾ ಪದರ ಹಾಳಾಗುತ್ತಿದೆ, ಕನ್ನಡಕದಿಂದ ಸರಿಹೋಗಲ್ಲ ಅಂದರು. ಹೊಸ ಚಿಕಿತ್ಸೆಯ ಪ್ರಯೋಗ ನಡೀತಿದೆ, ಇಷ್ಟವಿದ್ದರೆ ಸೇರಬಹುದು ಅಂತಲೂ ಹೇಳಿದರು.

ಸಂಜೆ ಪಕ್ಕದ ಮನೆ ನರ್ಸಮ್ಮ ಬಂದಳು. ಮೇಸ್ತ್ರಿಯ ಹೆಂಡತಿ ಕೇಳಿದಳು, "ನನ್ನ ಮುಖನೂ ಕಾಣ್ತಿಲ್ವಾ ಇವರಿಗೆ?"

"ಕೈ ಕಾಣುತ್ತೆ. ಮುಖ ಇರೋ ಕಡೆ ಮಸುಕು," ಅಂದ ಮೇಸ್ತ್ರಿ.

"ನಿಮಗೆ ಅನುಕೂಲವೇ ಆಯ್ತು ಬಿಡಿ," ಅಂದಳು ಹೆಂಡತಿ. ಆದರೆ ಅವಳಿಗೆ ನಗು ಬರಲಿಲ್ಲ.

ನರ್ಸಮ್ಮ ಆ ಹೊಸ ಚಿಕಿತ್ಸೆಯನ್ನ ಬಿಡಿಸಿ ಹೇಳಿದಳು. "ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶಗಳನ್ನ ಸುಮ್ಮನೆ ಕಣ್ಣೊಳಗೆ ಬಿಟ್ಟರೆ ಚದುರಿ ಹೋಗ್ತಾವೆ. ಅದಕ್ಕೇ ತೆಳುವಾದ ಹಾಳೆ ಮೇಲೆ ಬೆಳೆಸಿ, ಹಾಳೆ ಸಮೇತ ರೆಟಿನಾ ಕೆಳಗೆ ಇಡ್ತಾರೆ. ಕೋಶಗಳು ಅಲ್ಲಿ ನೆಲೆ ನಿಂತ ಮೇಲೆ ಹಾಳೆ ತಾನೇ ಕರಗುತ್ತೆ."

"ಕರಗಿ ಹೋಗೋದನ್ನ ಯಾರಾದ್ರೂ ಇಡ್ತಾರಾ? ಭಾವನ್ನ ಪ್ರಯೋಗದ ಇಲಿ ಮಾಡ್ತಾರೆ," ಅಂದ ಭಾಮೈದ.

ಮೇಸ್ತ್ರಿ ಎದ್ದು ಕೂತ. "ಲೇ, ಮೂವತ್ತು ವರ್ಷ ನಾನು ಕಟ್ಟಿದ ಯಾವ ಹಲಗೆ ಈಗ ಉಳಿದಿದೆ? ಛಾವಣಿ ನಿಂತಿದೆ ತಾನೇ? ನರ್ಸಮ್ಮ, ನಾನು ಕೇಳೋದು ಬೇರೆ. ಕಾಂಕ್ರೀಟ್ ಗಟ್ಟಿಯಾಗೋ ಮುಂಚೆ ಹಲಗೆ ಬಿಚ್ಚಿದ್ರೆ ಛಾವಣಿ ತಲೆ ಮೇಲೆ. ಈ ಹಾಳೆ ಬೇಗ ಕರಗಿಬಿಟ್ರೆ?"

"ಡಾಕ್ಟರನ್ನೇ ಕೇಳಿ. ಉತ್ತರ ಸಿಗೋ ತನಕ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ಮಧ್ಯದಲ್ಲಿ ಬೇಡ ಅನ್ನೋ ಹಕ್ಕೂ ನಿಮಗಿದೆ."

ಮರುದಿನ ಮೇಸ್ತ್ರಿ ಹೆಂಡತಿ, ಭಾಮೈದನ ಜೊತೆ ಹೋಗಿ ಡಾಕ್ಟರ ಮುಂದೆ ಪೆನ್ನು ಮುಟ್ಟದೆ ಕೂತ. ಹಾಳೆ ಯಾವಾಗ ಕರಗುತ್ತೆ? ಬೇಗ ಕರಗಿದರೆ ಏನು? ಕರಗಿದ್ದು ಎಲ್ಲಿ ಹೋಗುತ್ತೆ? ಉರಿ, ಊತ ಬಂದರೆ ಯಾರು ನೋಡ್ತಾರೆ? ಎಲ್ಲಕ್ಕೂ ಉತ್ತರ ಬಂತು. ಕೊನೆಗೆ ಕೇಳಿದ, "ನನ್ನ ಹೆಂಡತಿ ಮುಖ ಕಾಣುತ್ತಾ?"

"ಗೊತ್ತಿಲ್ಲ," ಅಂದರು ಡಾಕ್ಟರು. "ಗೊತ್ತಿದ್ದರೆ ಪ್ರಯೋಗವೇ ಬೇಕಿರಲಿಲ್ಲ."

ಮೇಸ್ತ್ರಿ ಹೆಂಡತಿಯ ಕಡೆ ತಿರುಗಿದ. "ಸುಳ್ಳು ಹೇಳ್ಲಿಲ್ಲ ನೋಡು. ಪೆನ್ನು ಕೊಡು."

ಅವಳೇ ಅವನ ಕೈಯನ್ನು ಸಹಿಯ ಜಾಗಕ್ಕೆ ತಂದು ಇಟ್ಟಳು. ಭಾಮೈದ ಸಾಕ್ಷಿಯ ಸಹಿ ಹಾಕಿದ, ಗೊಣಗಿಕೊಂಡೇ.

ಓದುತ್ತಿರುವವರೇ, ಈಗಲೇ ಒಂದೊಂದೇ ಕಣ್ಣು ಮುಚ್ಚಿ ಬಾಗಿಲ ಚೌಕಟ್ಟು ನೋಡಿ. ಡೊಂಕಾಗಿ ಕಂಡರೆ ಇವತ್ತೇ ಕಣ್ಣಾಸ್ಪತ್ರೆಗೆ ಹೋಗಿ. ವಯಸ್ಸಾಯ್ತು ಅಂದವರ ಮಾತಿಗೆ ತಲೆ ಬಾಗಿಸಬೇಡಿ. ಖಂಡಿತ ಗುಣವಾಗುತ್ತೆ ಅಂತ ಆಸೆ ಹುಟ್ಟಿಸುವವರ ಮಾತಿಗಂತೂ ಬಾಗಿಸಲೇಬೇಡಿ. ಕಣ್ಣು ನಿಮ್ಮದು. ಕೇಳಿ, ಮತ್ತೆ ಕೇಳಿ, ಆಮೇಲೆ ನೀವೇ ತೀರ್ಮಾನ ಮಾಡಿ.